ಶೇ. 50ರ ಗೆರೆ ಬಿದ್ದದ್ದು ನಮ್ಮ ರಾಜ್ಯದ ಕೇಸಿನಲ್ಲಿ

ಮೀಸಲಾತಿ ಅರ್ಧ ದಾಟಬಾರದು ಎಂಬ ಮಾತು ಕೇಳಿರುತ್ತೀರಿ. ಅದು ಹೊರಟಿದ್ದು ನಮ್ಮಲ್ಲಿಂದಲೇ.

1962ರ ಜುಲೈನಲ್ಲಿ ಅಂದಿನ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ. 50, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಒಟ್ಟು ಶೇ. 68 ಮೀಸಲಿಟ್ಟಿತು. ಸೆಪ್ಟೆಂಬರ್‌ನಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಮೀಸಲಾತಿಯೇ ತಪ್ಪು ಎನ್ನಲಿಲ್ಲ. ಸಾಮಾನ್ಯವಾಗಿ ಅದು ಅರ್ಧಕ್ಕಿಂತ ಕಡಿಮೆ ಇರಬೇಕು, ಯಾರು ಹಿಂದುಳಿದವರು ಎಂದು ಅಳೆಯಲು ಜಾತಿಯೊಂದೇ ಸಾಲದು, ಬಡತನ, ಕಸುಬು, ವಾಸಿಸುವ ಊರು ಕೂಡ ಲೆಕ್ಕಕ್ಕೆ ಬರುತ್ತವೆ ಎಂದಿತು.

ಜನರ ನೆನಪಿನಲ್ಲಿ ಉಳಿದದ್ದು 50 ಮಾತ್ರ. ನಮಗೆ ಮುಖ್ಯ ಅನಿಸುವುದು ಕೊನೆಯ ಮಾತು. ವಿಜ್ಞಾನದ ಮೇಷ್ಟ್ರಿಲ್ಲದ ಊರಿನ ಮಗುವಿನ 80 ಅಂಕವನ್ನು ಪೇಟೆ ಮಗುವಿನ 90ಕ್ಕಿಂತ ಕಡಿಮೆ ಎಂದು ಕಣ್ಣುಮುಚ್ಚಿ ತೂಗಿದರೆ ಅದು ನ್ಯಾಯವಲ್ಲ.