ಬಣ್ಣದ ಹೆಸರುಗಳು ನಡೆದ ದಾರಿ

ಕಳೆದ ವರ್ಷ ರಂಜಾನ್ ಹಬ್ಬದ ಮರುದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಪದವಿ ಮುಗಿಸಿ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಇನ್ನೊಂದು ಭಾಷೆ ಬಂದರೆ ಸಂಬಳ ಹೆಚ್ಚುತ್ತದೆಂದು ಯಾರೋ ಹೇಳಿದರಂತೆ, ಸ್ಪ್ಯಾನಿಷ್ ಕಲಿಯಲು ತೊಡಗಿದ್ದಳು. ಕೈಯಲ್ಲಿ ಮೊದಲ ಪಾಠದ ಪುಸ್ತಕ. "ಸರ್, ಎಣಿಕೆ ಬಂತು, ವಾರದ ಹೆಸರು ಬಂತು, ಈ ಬಣ್ಣಗಳು ಮಾತ್ರ ತಲೆಯಲ್ಲಿ ನಿಲ್ಲುತ್ತಿಲ್ಲ" ಎಂದು ಪುಟ ತೆರೆದು ತೋರಿಸಿದಳು. ರೋಹೋ ಎಂದರೆ ಕೆಂಪು, ವೆರ್ದೆ ಎಂದರೆ ಹಸಿರು, ಅಸುಲ್ ಎಂದರೆ ನೀಲಿ, ಅಮರೀಯೋ ಎಂದರೆ ಹಳದಿ, ನೆಗ್ರೋ ಎಂದರೆ ಕಪ್ಪು, ಬ್ಲಾಂಕೋ ಎಂದರೆ ಬಿಳಿ, ನರಾನ್ಹಾ ಎಂದರೆ ಕಿತ್ತಳೆ, ಮೊರಾದೋ ಎಂದರೆ ನೇರಳೆ.

ನನಗೆ ಸ್ಪ್ಯಾನಿಷ್ ಬಾರದು. ಆದರೆ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಆ ಪುಟದಲ್ಲಿ ಕೆಲವು ಪರಿಚಿತ ಮುಖಗಳು ಕಂಡಂತಾಯಿತು. ಅಂದಿನಿಂದ ನಿಘಂಟು, ಇತಿಹಾಸದ ಪುಸ್ತಕಗಳನ್ನು ಹುಡುಕಿ ಓದಿದೆ. ಓದಿ ತಿಳಿದದ್ದನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಇದರಲ್ಲಿ ನನ್ನದೇ ಒಂದು ತಪ್ಪಿನ ಒಪ್ಪಿಗೆಯೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕೆಂಪು ಕೋಟೆಯ ನಾಡು

ಸ್ಪೇನಿಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಕ್ರಿ.ಶ. 711ರಲ್ಲಿ ಅರಬರೂ ಬರ್ಬರರೂ ಆ ನಾಡನ್ನು ಪ್ರವೇಶಿಸಿದರು. ಸುಮಾರು ಎಂಟುನೂರು ವರ್ಷ ಅಲ್ಲಿ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಆಡಳಿತವಿತ್ತು. ಅವರು ಆ ದೇಶವನ್ನು ಅಲ್ ಅಂದಲುಸ್ ಎಂದು ಕರೆದರು. ಗ್ರಾನಡಾ ನಗರದ ಗುಡ್ಡದ ಮೇಲೆ 1238ರಲ್ಲಿ ಕಟ್ಟಲು ಆರಂಭಿಸಿದ ಅರಮನೆ ಕೋಟೆ ಇಂದಿಗೂ ನಿಂತಿದೆ. ಅದರ ಹೆಸರು ಅಲ್ ಹಮ್ರಾ. ಅರಬ್ಬಿಯಲ್ಲಿ ಆ ಮಾತಿನ ಅರ್ಥ 'ಕೆಂಪಾದುದು' ಎಂದು. ಸ್ಪೇನಿನ ಅತ್ಯಂತ ಪ್ರಸಿದ್ಧ ಕಟ್ಟಡದ ಹೆಸರೇ ಒಂದು ಬಣ್ಣದ ಹೆಸರು!

1492ರಲ್ಲಿ ಗ್ರಾನಡಾ ಕೈಬಿಟ್ಟಿತು. ಶರಣಾಗತಿಯ ಒಪ್ಪಂದದಲ್ಲಿ ಜನರ ಧರ್ಮಕ್ಕೂ ಪದ್ಧತಿಗಳಿಗೂ ರಕ್ಷಣೆಯ ಮಾತು ಕೊಡಲಾಗಿತ್ತು. ಆ ಮಾತು ಹೆಚ್ಚು ಕಾಲ ಉಳಿಯಲಿಲ್ಲ. 1567ರಲ್ಲಿ ದೊರೆ ಎರಡನೆಯ ಫಿಲಿಪ್‌ನ ಆಜ್ಞೆ ಹೊರಟಿತು. ಮೂರು ವರ್ಷದೊಳಗೆ ಎಲ್ಲರೂ ರಾಜ್ಯದ ಭಾಷೆಯನ್ನು ಕಲಿಯಬೇಕು, ಆಮೇಲೆ ಅರಬ್ಬಿಯಲ್ಲಿ ಮಾತಾಡುವುದೂ ಬರೆಯುವುದೂ ಅಪರಾಧ ಎಂದು ಅದರಲ್ಲಿತ್ತು. 1609ರಿಂದ 1614ರ ನಡುವೆ ಸುಮಾರು 3 ಲಕ್ಷ ಜನರನ್ನು ದೇಶದಿಂದಲೇ ಹೊರದಬ್ಬಲಾಯಿತು. ಅವರ ಮನೆಗಳಲ್ಲಿ ಅರಬ್ಬಿ ಅಕ್ಷರದಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಬರೆದಿಟ್ಟ ಹಸ್ತಪ್ರತಿಗಳು ಇದ್ದವು. ನಮ್ಮ ಭಟ್ಕಳದ ನವಾಯತರು ಕೊಂಕಣಿ ಮೂಲದ ತಮ್ಮ ಮಾತನ್ನು ಉರ್ದುವಿನಂಥ ಲಿಪಿಯಲ್ಲಿ ಬರೆದಂತೆ ಅದೂ ಒಂದು ಮನೆಮಾತಿನ ಬರಹ. ಅಂಥ ಕೆಲವು ಪ್ರತಿಗಳು ಗೋಡೆ, ಅಟ್ಟಗಳಲ್ಲಿ ಅಡಗಿಸಿಟ್ಟ ಸ್ಥಿತಿಯಲ್ಲಿ ನೂರಾರು ವರ್ಷಗಳ ಬಳಿಕ ಸಿಕ್ಕಿವೆ.

ಜನರನ್ನು ಹಡಗು ಹತ್ತಿಸಿದರು. ಮಾತನ್ನು ಹತ್ತಿಸಲು ಆಗಲಿಲ್ಲ. ಇಂದಿಗೂ ಸ್ಪ್ಯಾನಿಷ್‌ನಲ್ಲಿ ಅರಬ್ಬಿ ಮೂಲದ ಪದಗಳು ಸುಮಾರು 4,000 ಇವೆಯೆಂದು ಭಾಷಾತಜ್ಞರು ಅಂದಾಜಿಸುತ್ತಾರೆ. ಮೊದಲ ಪಾಠದ ಬಣ್ಣಗಳಲ್ಲೇ ಅವು ಸಿಗುತ್ತವೆ.

ನೀಲಿಗೆ ಎರಡು ಹೆಸರು

ಅಸುಲ್ ಎಂಬ ಪದದ ಮೂಲ ಫಾರ್ಸಿಯ ಲಾಜವರ್ದ್. ಅಫ್ಘಾನಿಸ್ತಾನದ ಬದಖ್ಶಾನ್ ಪರ್ವತಗಳಲ್ಲಿ ಸಿಗುವ ಗಾಢ ನೀಲಿ ಕಲ್ಲಿಗೆ ಆ ಹೆಸರು. ಉರ್ದುವಿನಲ್ಲಿ ಇಂದಿಗೂ ಲಾಜವರ್ದಿ ಎಂದರೆ ಅದೇ ನೀಲಿ. ಅರಬ್ಬಿಯ ಮೂಲಕ ಸ್ಪೇನಿಗೆ ಹೋದಾಗ ಮೊದಲ 'ಲ್' ಎಂಬುದು ಕಳಚಿಕೊಂಡಿತು. ಉಳಿದದ್ದು ಅಸುಲ್.

ಸ್ಪ್ಯಾನಿಷ್‌ನಲ್ಲಿ ನೀಲಿಗೆ ಇನ್ನೊಂದು ಹೆಸರೂ ಉಂಟು: ಅನ್ಯೀಲ್. ಬಟ್ಟೆಗೆ ಹಾಕುವ ನೀಲಿ ಬಣ್ಣಕ್ಕೂ ಅದರ ಗಿಡಕ್ಕೂ ಹೀಗೆನ್ನುತ್ತಾರೆ. ಇದು ಅರಬ್ಬಿಯ 'ಅನ್ನೀಲ್'. ಅರಬರಿಗೆ ಅದು ಫಾರ್ಸಿಯ 'ನೀಲ್' ಆಗಿ ಬಂದಿತ್ತು, ಫಾರ್ಸಿಗೆ ಸಂಸ್ಕೃತದ 'ನೀಲ' ಎಂಬುದರಿಂದ. ಅಂದರೆ ನಾವು ನೀಲಿ ಎನ್ನುವ ಮಾತೇ ಭಾರತದ ಬಣ್ಣದ ಗಟ್ಟಿಯ ಜೊತೆಗೆ ಹಡಗು, ಒಂಟೆಗಳನ್ನೇರಿ ಸ್ಪೇನ್ ತಲುಪಿತು. ಆ ಪಯಣ ಅಲ್ಲಿಗೂ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಜ್ಞಾನಿಗಳು ನೀಲಿಯಿಂದ ಬೇರ್ಪಡಿಸಿದ ಒಂದು ರಾಸಾಯನಿಕಕ್ಕೆ ಇದೇ ಪದದಿಂದ ಅನಿಲಿನ್ ಎಂದು ಹೆಸರಿಟ್ಟರು. ನಮ್ಮ ಪಿಯುಸಿ ವಿಜ್ಞಾನದ ಮಕ್ಕಳು ರಸಾಯನಶಾಸ್ತ್ರದಲ್ಲಿ ಓದುವ ಅನಿಲಿನ್ ಇದೇ. 1897ರಲ್ಲಿ ಜರ್ಮನಿಯ ಕಂಪೆನಿಯೊಂದು ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಭಾರತದ ನೀಲಿ ಬೆಳೆ ಕುಸಿಯಿತು. ಬೆಳೆ ಹೋದರೂ ಹೆಸರು ಉಳಿಯಿತು.

ಹಣ್ಣು, ಮರ, ಹುಳು

ಕನ್ನಡದಲ್ಲಿ ಕಿತ್ತಳೆ ಎಂದರೆ ಹಣ್ಣೂ ಹೌದು, ಬಣ್ಣವೂ ಹೌದು. ಸ್ಪ್ಯಾನಿಷ್‌ನ ನರಾನ್ಹಾ ಕೂಡ ಹಾಗೆಯೇ. ಅದರ ಮೂಲ ಸಂಸ್ಕೃತದ ನಾರಂಗ. ಅದು ಫಾರ್ಸಿಯಲ್ಲಿ ನಾರಂಗ್, ಅರಬ್ಬಿಯಲ್ಲಿ ನಾರಂಜ್, ಉರ್ದುವಿನಲ್ಲಿ ನಾರಂಜಿ ಆಗಿದೆ. ಅರಬ್ ರೈತರು ಸ್ಪೇನಿನಲ್ಲಿ ಗಿಡ ನೆಟ್ಟರು, ಹೆಸರೂ ಬೇರುಬಿಟ್ಟಿತು.

ಮೊರಾದೋ ಎಂಬ ಪದ ಕಂಡಾಗ ನನಗೆ ನಮ್ಮೂರ ಹೊಲಗಳೇ ನೆನಪಾದವು. ಸ್ಪ್ಯಾನಿಷ್‌ನಲ್ಲಿ 'ಮೋರಾ' ಎಂದರೆ ಹಿಪ್ಪುನೇರಳೆ ಹಣ್ಣು. ಆ ಹಣ್ಣು ತಿಂದರೆ ನಾಲಿಗೆಗೆ ಬರುವ ಬಣ್ಣವೇ ಮೊರಾದೋ. ನಾವು ಅದೇ ಬಣ್ಣವನ್ನು ನೇರಳೆ ಎನ್ನುತ್ತೇವೆ. ಇಲ್ಲಿ ಯಾರೂ ಯಾರಿಂದಲೂ ಸಾಲ ಪಡೆದಿಲ್ಲ. ಎರಡು ದೂರದ ನಾಡಿನ ಜನ ತಮ್ಮ ತಮ್ಮ ಮರದ ಕೆಳಗೆ ನಿಂತು ಒಂದೇ ರೀತಿ ಯೋಚಿಸಿದರು, ಅಷ್ಟೆ.

ಹಿಪ್ಪುನೇರಳೆ ಎಂದೊಡನೆ ರೇಷ್ಮೆ ಹುಳು. ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಅಡಿಪಾಯ ಹಾಕಿದ್ದು ಎಲ್ಲರಿಗೂ ತಿಳಿದಿದೆ. 1912ರಲ್ಲಿ ಮೈಸೂರಿನಲ್ಲಿ ನೇಯ್ಗೆ ಕಾರ್ಖಾನೆ ಬಂತು. ಟಿ. ನರಸೀಪುರದಲ್ಲಿ ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಬಂತು. ನಮ್ಮ ಎಷ್ಟೋ ಕುಟುಂಬಗಳ ಅನ್ನ ಗೂಡು, ನೂಲಿನ ಕೆಲಸದಿಂದಲೇ ಬಂದಿದೆ.

ಬಣ್ಣ ಕೊಡುವ ಹುಳುವೂ ಒಂದಿದೆ. ಸ್ಪ್ಯಾನಿಷ್‌ನಲ್ಲಿ ಕಡುಗೆಂಪಿಗೆ ಕಾರ್ಮೆಸಿ ಎನ್ನುತ್ತಾರೆ. ಓಕ್ ಮರದ ಮೇಲೆ ಬದುಕುವ ಪುಟ್ಟ ಕೀಟವನ್ನು ಒಣಗಿಸಿ ಈ ಬಣ್ಣ ತೆಗೆಯುತ್ತಿದ್ದರು. ಆ ಕೀಟಕ್ಕೆ ಅರಬ್ಬಿಯಲ್ಲಿ ಕಿರ್ಮಿಜ್ ಎಂದು ಹೆಸರು. ಅದರ ಮೂಲದಲ್ಲಿರುವ ಫಾರ್ಸಿಯ 'ಕಿರ್ಮ್' ಎಂದರೆ ಹುಳು, ಸಂಸ್ಕೃತದ 'ಕ್ರಿಮಿ'ಯ ನೆಂಟ. ಹಳೆಯ ಕನ್ನಡ ನಿಘಂಟು ತೆಗೆದು ನೋಡಿ, ಕಿರಮಂಜಿ ಎಂಬ ಪದವಿದೆ. ಅದೂ ಅದೇ ಕೆಂಪು. ಒಂದೇ ಹುಳು ಕನ್ನಡಕ್ಕೂ ಬಂತು, ಸ್ಪೇನಿಗೂ ಹೋಯಿತು.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದಾಗ ಅಲ್ಲಿ ಕಳ್ಳಿಯ ಮೇಲೆ ಬದುಕುವ ಇನ್ನೂ ಉತ್ತಮವಾದ ಕೆಂಪು ಕೀಟ ಸಿಕ್ಕಿತು. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಕೀಟಗಳು ಬೇಕಾಗುತ್ತಿದ್ದವು. ಈ ವ್ಯಾಪಾರವನ್ನು ಅವರು ಬಹುಕಾಲ ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡರು. ಇಂಗ್ಲಿಷರ ಕಂಪೆನಿಗೂ ಆಸೆಯಾಯಿತು. ಮದರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ ಕಳ್ಳಿ ತೋಟವನ್ನೇ ಬೆಳೆಸಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲ್‌ನಿಂದ ಕೀಟಗಳನ್ನು ಕಲ್ಕತ್ತೆಗೆ ತಂದ. ತಂದದ್ದು ಕೀಳು ಜಾತಿಯದು! ಬಣ್ಣ ಸರಿಯಾಗಿ ಬರಲಿಲ್ಲ, ಬದಲಿಗೆ ಅದು ಪಾಪಸುಕಳ್ಳಿಯನ್ನೇ ತಿಂದು ಮುಗಿಸತೊಡಗಿತು. ದುರಾಸೆಗೆ ಸಿಕ್ಕಿದ ಪಾಠವಿದು ಎಂದರೆ ತಪ್ಪಾಗಲಾರದು.

ಹಳದಿಯ ಊಟ, ಹಸಿರಿನ ಲಿಂಗ

ಹಳದಿಗೆ ಮೂರು ಭಾಷೆಯವರೂ ಮೂರು ಕಡೆ ನೋಡಿದ್ದಾರೆ. ಅಮರೀಯೋ ಎಂಬುದು 'ಕಹಿ' ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಪಿತ್ತ ಕೆದರಿ ಕಾಮಾಲೆಯಾದವರ ಮೈಬಣ್ಣದಿಂದ ಈ ಹೆಸರು ಬಂದಿರಬೇಕೆಂದು ಹೇಳುತ್ತಾರೆ. ಕನ್ನಡದ ಹಳದಿ ಸಂಸ್ಕೃತದ ಹರಿದ್ರಾ, ಅಂದರೆ ಅರಿಶಿನದಿಂದ ಬಂದದ್ದು. ಫಾರ್ಸಿಯಲ್ಲಿ ಹಳದಿಗೆ ಜರ್ದ್. ನಮ್ಮ ಮದುವೆಗಳಲ್ಲಿ ಬಡಿಸುವ ಸಿಹಿ ಅನ್ನಕ್ಕೆ ಜರ್ದಾ ಎಂದು ಹೆಸರು ಬಂದದ್ದು ಅದರ ಬಣ್ಣದಿಂದಲೇ. ಪಕ್ಕದ ಮನೆಯ ಮದುವೆಯಲ್ಲಿ ಕೇಸರಿಬಾತ್ ಬಡಿಸುತ್ತಾರೆ. ಅದೂ ಬಣ್ಣದ ಹೆಸರು ಹೊತ್ತ ಸಿಹಿಯೇ. ಆ ಕೇಸರಿಗೆ ಉರ್ದುವಿನಲ್ಲಿ ಜಾಫ್ರಾನ್, ಸ್ಪ್ಯಾನಿಷ್‌ನಲ್ಲಿ ಅಸಫ್ರಾನ್.

ಹಸಿರಿಗೆ ನಂಜನಗೂಡಿಗಿಂತ ಒಳ್ಳೆಯ ಉದಾಹರಣೆ ಬೇಡ. ಅಲ್ಲಿನ ಶ್ರೀಕಂಠೇಶ್ವರ ದೇವಸ್ಥಾನಕ್ಕೆ ಟಿಪ್ಪು ಸುಲ್ತಾನ್ ಪಚ್ಚೆ ಲಿಂಗವೊಂದನ್ನು ಅರ್ಪಿಸಿದ. ತನ್ನ ಪಟ್ಟದ ಆನೆಗೆ ಕಣ್ಣು ಬಂದ ಕೃತಜ್ಞತೆಗೆ ಹಾಗೆ ಮಾಡಿದನೆಂದೂ, ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂದೂ ಜನ ಹೇಳುತ್ತಾರೆ. ಹಕೀಂ ಎಂದರೆ ವೈದ್ಯ. ಅರಬ್ಬಿಯ ಒಂದು ಪದ, ಕನ್ನಡದ ಒಂದು ಹೆಸರು, ಎರಡೂ ಸೇರಿ ಒಂದೇ ಉಸಿರಿನಲ್ಲಿ ಬರುತ್ತವೆ. ಪಚ್ಚೆ ಎಂಬುದು ನಮ್ಮ ಸ್ವಂತ ಪದ, ಹಸಿರು ಎಂಬುದರ ಒಡಹುಟ್ಟು. ಆದರೆ ಪಚ್ಚೆ ಕಲ್ಲಿಗೆ ಉರ್ದುವಿನಲ್ಲಿ ಜಮುರ್ರುದ್, ಸಂಸ್ಕೃತದಲ್ಲಿ ಮರಕತ, ಸ್ಪ್ಯಾನಿಷ್‌ನಲ್ಲಿ ಎಸ್ಮೆರಾಲ್ದಾ ಎಂದು ಹೇಳುತ್ತಾರೆ. ಕೇಳಲು ಬೇರೆ ಬೇರೆಯಾದರೂ ಮೂರೂ ಒಂದೇ ಮೂಲದ ಪದಗಳೆಂದು ವಿದ್ವಾಂಸರು ತೋರಿಸಿದ್ದಾರೆ.

ಕಲಿಯುವವರಿಗೆ ಒಂದು ಉಪಾಯ

ನನ್ನ ವಿದ್ಯಾರ್ಥಿನಿಗೆ ಇನ್ನೊಂದು ತೊಡಕಿತ್ತು. ಸ್ಪ್ಯಾನಿಷ್‌ನಲ್ಲಿ ಕಪ್ಪು ಗಂಡುಬೆಕ್ಕಿಗೆ ನೆಗ್ರೋ, ಹೆಣ್ಣುಬೆಕ್ಕಿಗೆ ನೆಗ್ರಾ. ಆದರೆ ವೆರ್ದೆ, ಅಸುಲ್ ಹೀಗೆ ಬದಲಾಗುವುದಿಲ್ಲ. "ಕನ್ನಡದಲ್ಲಿ ಎತ್ತಾದರೂ ಕಪ್ಪು, ಹಸುವಾದರೂ ಕಪ್ಪು. ಇದೇನು ಸರ್ ಹೀಗೆ?" ಎಂದಳು. ನಾನು ಕೇಳಿದೆ: "ಮನೆಯಲ್ಲಿ ಹೋತಕ್ಕೆ ಏನನ್ನುತ್ತೀಯ?" "ಕಾಲಾ ಬಕ್ರಾ." "ಮೇಕೆಗೆ?" "ಕಾಲೀ ಬಕ್ರಿ." "ಲಾಲ್ ಬದಲಾಗುತ್ತದೆಯೇ?" ಅವಳು ನಕ್ಕುಬಿಟ್ಟಳು. ಕಾಲಾ, ನೀಲಾ, ಪೀಲಾ ಬದಲಾಗುತ್ತವೆ. ಲಾಲ್, ಸಫೇದ್, ಗುಲಾಬಿ ಬದಲಾಗುವುದಿಲ್ಲ. ಪುಸ್ತಕದಲ್ಲಿ ಒಂದು ಪುಟ ವಿವರಿಸಿದ ನಿಯಮ ಅವಳ ಅಮ್ಮಿ ಅಡುಗೆಮನೆಯಲ್ಲಿ ಎಂದೋ ಕಲಿಸಿ ಮುಗಿಸಿದ್ದರು.

ಇಂಥ ಕಲಿಕೆ ದೊಡ್ಡ ನಗರದವರಿಗೆ ಮಾತ್ರ ಎಂದು ತಿಳಿಯಬೇಡಿ. ನಮ್ಮ ಗಡಿಯಾಚೆಯ ಅನಂತಪುರ ಬರಪೀಡಿತ ಜಿಲ್ಲೆ. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂಟೆ ಫೆರರ್ 1969ರಲ್ಲಿ ಅಲ್ಲಿ ನೆಲೆಸಿ ಗ್ರಾಮೀಣ ಬಡವರ ಸೇವೆ ಆರಂಭಿಸಿದರು. 2009ರಲ್ಲಿ ಅಲ್ಲೇ ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆ ಹಳ್ಳಿಯ ಬಡ ಪದವೀಧರರಿಗೆ ಸ್ಪ್ಯಾನಿಷ್ ಮೊದಲಾದ ಭಾಷೆಗಳನ್ನು ಕಲಿಸಿ ಉದ್ಯೋಗದ ದಾರಿ ತೋರಿಸಿದೆ. ಅಲ್ಲಿನ ಮಕ್ಕಳಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೆ ಏಕೆ ಆಗಬಾರದು?

ಒಂದು ತಪ್ಪೊಪ್ಪಿಗೆ

ಈಗ ನನ್ನ ತಪ್ಪಿನ ಮಾತು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕನ್ನಡ ತರಗತಿಯಲ್ಲಿ ಒಬ್ಬ ಹುಡುಗನಿಗೆ ಸೂರ್ಯಕಾಂತಿ ಹೂವಿನ ಬಣ್ಣ ಕೇಳಿದೆ. ಅವನು "ಪೀಲಾ ಸರ್" ಎಂದ. "ಇದು ಕನ್ನಡ ಪೀರಿಯಡ್, ಮನೆಮಾತು ಮನೆಯಲ್ಲಿರಲಿ" ಎಂದು ಎಲ್ಲರ ಮುಂದೆ ಗದರಿಸಿದೆ. ಮಕ್ಕಳು ನಕ್ಕರು. ಆ ವರ್ಷವೆಲ್ಲ ಆ ಹುಡುಗ ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ. ಅವನಿಗೆ ಹಳದಿ ಎಂಬ ಪದ ಒಂದು ನಿಮಿಷದಲ್ಲಿ ಕಲಿಸಬಹುದಿತ್ತು. ಪೀಲಾ ಎಂದರೆ ಹಳದಿ, ಎರಡನ್ನೂ ಬರೆದುಕೋ ಎಂದಿದ್ದರೆ ಸಾಕಿತ್ತು. ನಾನು ಕಲಿಸಿದ್ದು ಮೌನವನ್ನು. ಗ್ರಾನಡಾದ ಆಜ್ಞೆಯನ್ನು ಓದುವಾಗ ನನಗೆ ಆ ಹುಡುಗನ ಮುಖವೇ ಕಣ್ಣ ಮುಂದೆ ಬಂತು.

ಇನ್ನೊಂದು ಬದಿಯೂ ಇದೆ. "ನಮಗೇಕೆ ಕನ್ನಡ, ಉರ್ದು ಸಾಕು" ಎನ್ನುವ ಪೋಷಕರೂ, "ಉರ್ದುವಿನಿಂದ ಏನು ಪ್ರಯೋಜನ" ಎನ್ನುವ ಪೋಷಕರೂ ನಮ್ಮಲ್ಲಿದ್ದಾರೆ. ಇಬ್ಬರೂ ಮಗುವಿನ ಒಂದೊಂದು ಕಣ್ಣನ್ನು ಮುಚ್ಚುತ್ತಿದ್ದಾರೆ ಎಂಬುದು ನನ್ನ ವಿನಮ್ರ ಅಭಿಪ್ರಾಯ. ಕನ್ನಡ ಚೆನ್ನಾಗಿ ಬರದ ಮಗುವಿಗೆ ಈ ನಾಡಿನಲ್ಲಿ ಕಛೇರಿ, ಕೋರ್ಟು, ಕೆಲಸ ಎಲ್ಲವೂ ದೂರ. ಮನೆಮಾತು ಮರೆತ ಮಗುವಿಗೆ ಅಜ್ಜಿಯೇ ದೂರ.

ವಿದ್ಯಾರ್ಥಿಗಳೇ, ಛತ್ರ ಎಂದರೆ ದಾರಿಹೋಕರು ತಂಗುವ ಜಾಗ. ಚಿಕ್ಕಯ್ಯನಛತ್ರದ ಹೆಸರಿನಲ್ಲೇ ಅದು ಇದೆ. ಛತ್ರಕ್ಕೆ ಬಂದವರನ್ನು ಯಾವ ಊರು ಎಂದು ಕೇಳಬಹುದು, ಹೊರಗೆ ಹೋಗು ಎನ್ನಬಾರದು. ನೀವು ಒಂದು ನೋಟ್ ಪುಸ್ತಕದಲ್ಲಿ ಮೂರು ಸಾಲು ಗೆರೆ ಎಳೆದು ಮನೆಯಲ್ಲಿ ಬಣ್ಣಕ್ಕೆ ಹೇಳುವ ಪದ, ಕನ್ನಡ ಪದ, ಹೊಸದಾಗಿ ಕಲಿಯುವ ಭಾಷೆಯ ಪದ ಇವನ್ನು ಪಕ್ಕಪಕ್ಕ ಬರೆಯಿರಿ. ನಮ್ಮ ತರಗತಿಯಲ್ಲಿ ಈ ವರ್ಷದಿಂದ ಹಾಗೆ ಬರೆಸುತ್ತಿದ್ದೇನೆ. ಸ್ಪ್ಯಾನಿಷ್ ಕಲಿಯುತ್ತಿರುವ ಆ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಬಣ್ಣಗಳು ಈಗ ಮರೆಯುವುದಿಲ್ಲವಂತೆ.