ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ನಿಯಮೋಲ್ಲಂಘನೆಯ ತನಿಖೆ

ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾ ತಂಡಗಳು ನಿಯಮ ಮೀರಿದಾಗ ವಿಚಾರಿಸಿ ಶಿಕ್ಷಿಸುವ ಅಧಿಕಾರ ಬಹುಕಾಲ ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್ (ಎನ್‌ಸಿಎಎ) ಒಂದರ ಕೈಯಲ್ಲೇ ಇತ್ತು. 1906ರಲ್ಲಿ ಹುಟ್ಟಿದ ಈ ಸಂಘ ಸರ್ಕಾರದ್ದಲ್ಲ. ವಿಶ್ವವಿದ್ಯಾಲಯಗಳೇ ಸದಸ್ಯರಾಗಿ ನಡೆಸುವ ಖಾಸಗಿ ಸಂಸ್ಥೆ. ಆಟಗಾರರಿಗೆ ಗುಟ್ಟಾಗಿ ಹಣ ಕೊಡುವುದು, ತಂಡಕ್ಕೆ ಸೇರಿಸಿಕೊಳ್ಳಲು ಆಮಿಷ ಒಡ್ಡುವುದು, ಪರೀಕ್ಷೆಯಲ್ಲಿ ಅಕ್ರಮ ಎಸಗುವುದು ಇದರ ತನಿಖೆಯ ಮುಖ್ಯ ವಿಷಯಗಳಾಗಿದ್ದವು. ದೂರು ಬಂದರೆ ಸಂಘದ ಸಿಬ್ಬಂದಿ ತನಿಖೆ ನಡೆಸಿ ಆರೋಪಪಟ್ಟಿ ಕೊಡುತ್ತಾರೆ. ನಿಯಮೋಲ್ಲಂಘನಾ ಸಮಿತಿ ವಿಚಾರಣೆ ನಡೆಸಿ ತೀರ್ಪು ಹೇಳುತ್ತದೆ. ಶಿಕ್ಷೆ ಎಷ್ಟು ಕಠಿಣವಾಗಬಹುದು ಎಂಬುದಕ್ಕೆ 1987ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಋತುವನ್ನೇ ಪೂರ್ತಿ ರದ್ದು ಮಾಡಿದ್ದು ಸಾಕ್ಷಿ. ಇಂಥ ಸಂಸ್ಥೆಗೆ ನ್ಯಾಯಾಲಯದಂತೆ ದಂಡಿಸುವ ಬಲವಿದೆ. ಆದರೆ ಸಮನ್ಸ್ ಕಳಿಸಿ ಸಾಕ್ಷಿಗಳನ್ನು ಕರೆಸುವ ಅಧಿಕಾರವಿಲ್ಲ, ನ್ಯಾಯಾಲಯವನ್ನು ಕಟ್ಟಿಹಾಕುವ ಸಾಂವಿಧಾನಿಕ ಕಟ್ಟುಪಾಡುಗಳೂ ಇಲ್ಲ. ಸಂಘದ ತನಿಖೆಗಳಲ್ಲಿ ಕಾಣಿಸಿಕೊಂಡ ಅನ್ಯಾಯವನ್ನು ಒಬ್ಬಿಬ್ಬರು ಅಧಿಕಾರಿಗಳ ದುರ್ನಡತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಬೇರು ಇರುವುದು ಈ ಎರಡು ಕೊರತೆಗಳು ಒಂದೆಡೆ ಕೂಡಿರುವುದರಲ್ಲಿ.

ಇದು ಮೊದಲು ಸ್ಪಷ್ಟವಾಗಿ ಬಯಲಾದದ್ದು ಜೆರ್ರಿ ಟಾರ್ಕೇನಿಯನ್ ಪ್ರಕರಣದಲ್ಲಿ. ಲಾಸ್ ವೇಗಸ್‌ನ ನೆವಾಡ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತರಬೇತುದಾರರಾಗಿದ್ದ ಅವರನ್ನು ಎರಡು ವರ್ಷ ದೂರವಿಡಬೇಕು, ಇಲ್ಲವಾದರೆ ಇನ್ನಷ್ಟು ಶಿಕ್ಷೆ ಕಾದಿದೆ ಎಂದು 1977ರಲ್ಲಿ ಸಂಘ ಸೂಚಿಸಿತು. ವಿಶ್ವವಿದ್ಯಾಲಯ ತಾನೇ ನಡೆಸಿದ ತನಿಖೆಯಲ್ಲಿ ಬಹುತೇಕ ಆರೋಪಗಳಿಗೆ ವಿರುದ್ಧವಾದ ಸಾಕ್ಷ್ಯ ಸಿಕ್ಕಿತ್ತು. ಸಂಘದ ವಿಚಾರಣೆಯ ಮಟ್ಟ ಸಾಲದು ಎಂದು ವಿಶ್ವವಿದ್ಯಾಲಯದ ಅಧಿಕಾರಿಯೇ ಅಭಿಪ್ರಾಯಪಟ್ಟರು; ಹಾಗಿದ್ದೂ ಸಂಘಕ್ಕೆ ಮಣಿಯದೆ ಬೇರೆ ದಾರಿಯಿಲ್ಲ ಎಂದು ಶಿಫಾರಸು ಮಾಡಿದರು. ಟಾರ್ಕೇನಿಯನ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಹನ್ನೊಂದು ವರ್ಷಗಳ ನಂತರ, 1988ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಸಂಘದ ಪರ ತೀರ್ಪಿತ್ತಿತು. ಸಂಘ ಸರ್ಕಾರದ ಅಂಗವಲ್ಲ, ಆದ್ದರಿಂದ ಸಂವಿಧಾನ ಹೇಳುವ ನ್ಯಾಯಯುತ ವಿಚಾರಣೆಯ ಹೊಣೆ ಅದಕ್ಕಿಲ್ಲ ಎಂಬುದು ತೀರ್ಪಿನ ತಿರುಳು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಕೊಟ್ಟ ಕಾರಣಗಳಲ್ಲಿ ಒಂದನ್ನು ಇಲ್ಲಿ ನೆನಪಿಡಬೇಕು: ಸಾಕ್ಷಿಗಳಿಗೆ ಸಮನ್ಸ್ ಕೊಡುವಂಥ ಸರ್ಕಾರಿ ಅಧಿಕಾರ ಯಾವುದೂ ಸಂಘಕ್ಕಿಲ್ಲ ಎಂದು ಅವರು ಬರೆದಿದ್ದರು.

ಇಲ್ಲದ ಆ ಅಧಿಕಾರವನ್ನು ಎರವಲು ಪಡೆಯುವ ಪ್ರಯತ್ನವೇ 2011ರಲ್ಲಿ ನಡೆಯಿತು. ಮಯಾಮಿ ವಿಶ್ವವಿದ್ಯಾಲಯದ ಆಟಗಾರರಿಗೆ ವರ್ಷಗಟ್ಟಲೆ ಹಣ, ಉಡುಗೊರೆ ಕೊಟ್ಟೆನೆಂದು ಹೇಳಿಕೊಂಡ ನೆವಿನ್ ಶಪಿರೊ, ಸುಮಾರು 93 ಕೋಟಿ ಡಾಲರುಗಳ ಪೊಂಜಿ ವಂಚನೆಗಾಗಿ 20 ವರ್ಷಗಳ ಶಿಕ್ಷೆಗೆ ಒಳಗಾಗಿದ್ದ ಅಪರಾಧಿ. ಅವನ ಮಾತನ್ನು ದೃಢಪಡಿಸಬೇಕಾದವರು ಬಾಯಿ ಬಿಡಲಿಲ್ಲ. ಬಿಡಿಸಲು ಸಂಘಕ್ಕೆ ದಾರಿಯೂ ಇರಲಿಲ್ಲ. ಅವನ ದಿವಾಳಿ ಪ್ರಕರಣ ಮಾತ್ರ ನ್ಯಾಯಾಲಯದಲ್ಲಿ ನಡೆಯುತ್ತಿತ್ತು, ಅಲ್ಲಿ ಸಾಕ್ಷಿಗಳನ್ನು ಕರೆಸಿ ಪ್ರಮಾಣ ಮಾಡಿಸಬಹುದಿತ್ತು. ಸಂಘದ ತನಿಖಾ ಸಿಬ್ಬಂದಿ ತಮ್ಮದೇ ಕಾನೂನು ವಿಭಾಗದ ಸಲಹೆಯನ್ನು ಬದಿಗಿಟ್ಟು ಶಪಿರೊನ ವಕೀಲರಿಗೆ ಹಣ ಕೊಟ್ಟು, ದಿವಾಳಿ ಪ್ರಕರಣದ ಹೆಸರಿನಲ್ಲಿ ಇಬ್ಬರು ಸಾಕ್ಷಿಗಳ ಹೇಳಿಕೆ ಪಡೆದರು. ಸುಪ್ರೀಂ ಕೋರ್ಟಿನ ಮುಂದೆ ಯಾವ ದೌರ್ಬಲ್ಯ ಸಂಘಕ್ಕೆ ರಕ್ಷಣೆಯಾಗಿತ್ತೋ, ಆ ದೌರ್ಬಲ್ಯವನ್ನೇ ಇಲ್ಲಿ ಹಿಂಬಾಗಿಲಿನಿಂದ ನೀಗಿಸಿಕೊಂಡಂತಾಯಿತು. 2013ರ ಜನವರಿಯಲ್ಲಿ ಅಧ್ಯಕ್ಷ ಮಾರ್ಕ್ ಎಮ್ಮರ್ಟ್ ಇದನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು. ಕೆನೆತ್ ವೇನ್‌ಸ್ಟೀನ್ ನೇತೃತ್ವದ ಹೊರಗಿನ ವಕೀಲರು ಪರಿಶೀಲನೆ ನಡೆಸಿದರು, ಜಾರಿ ವಿಭಾಗದ ಮುಖ್ಯಸ್ಥೆ ಹುದ್ದೆ ಕಳೆದುಕೊಂಡರು, ಅಡ್ಡದಾರಿಯಲ್ಲಿ ಸಿಕ್ಕ ಸಾಕ್ಷ್ಯವನ್ನು ಪ್ರಕರಣದಿಂದ ಕೈಬಿಡಲಾಯಿತು.

ವೇನ್‌ಸ್ಟೀನ್ ವರದಿಯನ್ನು ಸಂಘದ ಸಮರ್ಥಕರು ತಮ್ಮ ಪರವಾಗಿಯೂ ಉದಾಹರಿಸಬಹುದು. ಸಿಬ್ಬಂದಿ ಆಂತರಿಕ ಪದ್ಧತಿಯನ್ನೂ ವಕೀಲರ ಸಲಹೆಯನ್ನೂ ಮೀರಿದ್ದು ನಿಜ. ಆದರೆ ಗೊತ್ತಿದ್ದೂ ನಿರ್ದಿಷ್ಟವಾದ ಯಾವ ಕಾನೂನನ್ನಾಗಲಿ ಉಪನಿಯಮವನ್ನಾಗಲಿ ಮುರಿದಿರಲಿಲ್ಲ ಎಂದು ಅದು ಹೇಳಿತು. ಇದನ್ನು ದೋಷಮುಕ್ತಿಯೆಂದು ಓದಿಕೊಳ್ಳುವುದು ವಿಚಿತ್ರ. ಇಷ್ಟು ದೊಡ್ಡ ಅತಿಕ್ರಮಣವೂ ಯಾವ ನಿಯಮದ ಕೆಳಗೂ ಬರಲಿಲ್ಲವೆಂದರೆ ಆ ನಿಯಮಾವಳಿ ಆಟಗಾರನ ಒಂದು ಊಟದ ಲೆಕ್ಕವನ್ನೂ ಬಿಡದೆ ಕೇಳುತ್ತಿತ್ತು, ತನಿಖೆ ಮಾಡುವವನನ್ನು ಮಾತ್ರ ಏನೂ ಕೇಳುತ್ತಿರಲಿಲ್ಲ ಎಂದೇ ಅರ್ಥ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸದಸ್ಯತ್ವ ಸ್ವಇಚ್ಛೆಯದು, ನಿಯಮ ಒಪ್ಪದವರು ಹೊರನಡೆಯಬಹುದು. ಸುಪ್ರೀಂ ಕೋರ್ಟಿನ ಬಹುಮತವೂ ಇದೇ ಜಾಡಿನಲ್ಲಿ ಯೋಚಿಸಿತ್ತು. ಆದರೆ ದೊಡ್ಡ ತಂಡಗಳಿಗೆ ಸಂಘದ ಹೊರಗೆ ಸರಿಸಮಾನವಾದ ಪಂದ್ಯಾವಳಿಯೇ ಇರಲಿಲ್ಲ. ಇನ್ನು ತರಬೇತುದಾರ, ಆಟಗಾರರಂತೂ ಸದಸ್ಯರೇ ಅಲ್ಲ. ಒಪ್ಪಂದ ವಿಶ್ವವಿದ್ಯಾಲಯದ್ದು, ಪೆಟ್ಟು ಅವರಿಗೆ. ಭಾರತದಲ್ಲಿ ಇದೇ ಪ್ರಶ್ನೆ ಕ್ರಿಕೆಟ್ ಮಂಡಳಿಯ ವಿಷಯದಲ್ಲಿ ಎದ್ದಾಗ ನಮ್ಮ ಸುಪ್ರೀಂ ಕೋರ್ಟ್ 2005ರ ಜೀ ಟೆಲಿಫಿಲ್ಮ್ಸ್ ತೀರ್ಪಿನಲ್ಲಿ ಮಂಡಳಿ ‘ಪ್ರಭುತ್ವ’ವಲ್ಲ ಎಂದಿತು, ಆದರೂ ಸಾರ್ವಜನಿಕ ಕರ್ತವ್ಯ ಮಾಡುವ ಸಂಸ್ಥೆಯ ವಿರುದ್ಧ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗುವ ಬಾಗಿಲನ್ನು ತೆರೆದಿಟ್ಟಿತು. ಟಾರ್ಕೇನಿಯನ್ ಅವರಿಗೆ ಅಂಥ ಬಾಗಿಲು ಸಿಗಲಿಲ್ಲ. 1991ರಲ್ಲಿ ನೆವಾಡ ರಾಜ್ಯ ನ್ಯಾಯಯುತ ವಿಚಾರಣೆಯನ್ನು ಕಡ್ಡಾಯಗೊಳಿಸಿ ಕಾನೂನು ತಂದಿತು. ಅಂತರರಾಜ್ಯ ವ್ಯವಹಾರಕ್ಕೆ ಅಡ್ಡಿಯೆಂದು 1993ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಕೊನೆಗೆ 1998ರಲ್ಲಿ ಸಂಘ ಟಾರ್ಕೇನಿಯನ್ ಅವರಿಗೆ 25 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಕಟ್ಟುನಿಟ್ಟಾದ ವಿಚಾರಣಾ ಕ್ರಮವಿಟ್ಟರೆ ತಪ್ಪಿತಸ್ಥರು ನುಣುಚಿಕೊಳ್ಳುತ್ತಾರೆ ಎಂಬ ವಾದವೂ ಉಂಟು. ದಾಖಲೆ ಇದಕ್ಕೆ ವಿರುದ್ಧವಾಗಿಯೇ ನಿಂತಿದೆ. ಮಯಾಮಿಯಲ್ಲಿ ಸಾಕ್ಷ್ಯ ಕೈಜಾರಿದ್ದು ಕ್ರಮ ಪಾಲಿಸಿದ್ದರಿಂದಲ್ಲ, ಮೀರಿದ್ದರಿಂದ. ಉಳಿದ ಸಾಕ್ಷ್ಯದ ಮೇಲೆಯೇ 2013ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯಕ್ಕೆ ಶಿಕ್ಷೆಯಾಯಿತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸಂಘ 2012ರಲ್ಲಿ ತನ್ನ ಮಾಮೂಲಿ ತನಿಖೆಯನ್ನೇ ಬಿಟ್ಟು ನೇರವಾಗಿ 6 ಕೋಟಿ ಡಾಲರ್ ದಂಡ ಹಾಕಿ, ಫುಟ್‌ಬಾಲ್ ತಂಡದ 112 ಗೆಲುವುಗಳನ್ನು ಅಳಿಸಿತು. 2015ರಲ್ಲಿ ಆ ಗೆಲುವುಗಳನ್ನೆಲ್ಲ ಮರಳಿಸಿತು. ಅವಸರದ ಶಿಕ್ಷೆ ನಿಲ್ಲಲಿಲ್ಲ.

ತೀರ್ಪುಗಾರರನ್ನು ಹೊರಗಿನಿಂದ ತಂದರೆ ಸಾಕೆಂಬ ಪ್ರಯೋಗವೂ ಆಗಿದೆ. ಸಂಘವೇ ನೇಮಿಸಿದ್ದ ಕಾಂಡಲೀಸಾ ರೈಸ್ ನೇತೃತ್ವದ ಆಯೋಗದ 2018ರ ಶಿಫಾರಸಿನಂತೆ ಸ್ವತಂತ್ರ ವಿಚಾರಣಾ ವ್ಯವಸ್ಥೆ ಬಂತು. ಕ್ಲಿಷ್ಟ ಪ್ರಕರಣಗಳು ಅದರ ಮುಂದೆ ವರ್ಷಗಟ್ಟಲೆ ಕುಳಿತವು. 2019ರಲ್ಲಿ ಆರೋಪಪಟ್ಟಿ ಪಡೆದ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ತೀರ್ಪು ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ. ಪೀಠ ಬದಲಾಯಿತು, ಸಾಕ್ಷಿಗಳನ್ನು ಮಾತಾಡಿಸುವ ಬಲ ಬರಲಿಲ್ಲ. ಆ ವ್ಯವಸ್ಥೆಯನ್ನು ಮುಚ್ಚಲಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ , ಎನ್‌ಸಿಎಎ ವಿರುದ್ಧದ ‘ಹೌಸ್’ ಮೊಕದ್ದಮೆಯ ರಾಜಿ ಒಪ್ಪಂದದ ನಂತರ ಆಟಗಾರರ ಸಂಭಾವನೆಗೆ ಸಂಬಂಧಿಸಿದ ನಿಯಮಗಳ ಜಾರಿ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಎಂಬ ಹೊಸ ಸಂಸ್ಥೆಗೆ ಹೋಗಿದ್ದು, ಅದರ ಶಿಕ್ಷೆಗಳನ್ನು ಪ್ರಶ್ನಿಸುವವರು ಈಗ ಮಧ್ಯಸ್ಥಗಾರರ ಮುಂದೆ ಹೋಗುತ್ತಾರೆ. ವಿದ್ಯಾಭ್ಯಾಸ ಮತ್ತು ಅರ್ಹತೆಯ ನಿಯಮಗಳ ಜಾರಿ ಎನ್‌ಸಿಎಎ ಬಳಿಯೇ ಉಳಿದಿದೆ.