ಕರೆಗಳ ಲೆಕ್ಕ

1984ರಲ್ಲಿ ವಿಲಿಯಂ ಲೆಫೆವ್ರ್ ಯುನಿಕ್ಸ್‌ಗಾಗಿ ‘ಟಾಪ್’ ಬರೆದರು. ಯಾವ ಪ್ರೋಗ್ರಾಂ ಪ್ರೊಸೆಸರ್‌ನ ಸಮಯವನ್ನು ಎಷ್ಟು ತಿನ್ನುತ್ತಿದೆ ಎಂದು ಅದು ಸಾಲಾಗಿ ತೋರಿಸಿತು. ಆದರೆ ಸಮಯ ತಿನ್ನುವುದು ಪ್ರೋಗ್ರಾಂಗಳಷ್ಟೇ ಅಲ್ಲ. ಪ್ಯಾಕೆಟ್ ಬಂದಾಗ ನೆಟ್‌ವರ್ಕ್ ಕಾರ್ಡ್ ಇಂಟರಪ್ಟ್ ಕಳಿಸುತ್ತದೆ; ಪ್ರೊಸೆಸರ್ ಕೈಲಿದ್ದ ಕೆಲಸ ಬಿಟ್ಟು ಓಗೊಡಬೇಕು.

1996ರಲ್ಲಿ ಜೆಫ್ರಿ ಮೊಗಲ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ಕೆ.ಕೆ. ರಾಮಕೃಷ್ಣನ್ ಇದರ ಅಪಾಯವನ್ನು ವಿವರಿಸಿದರು: ಪ್ಯಾಕೆಟ್‌ಗಳು ಮಿತಿಮೀರಿದರೆ ಪ್ರೊಸೆಸರ್ ಓಗೊಡುವುದರಲ್ಲೇ ಮುಳುಗಿ, ಒಂದು ಪ್ಯಾಕೆಟ್ಟೂ ಮುಂದೆ ಸಾಗುವುದಿಲ್ಲ. ಮೊದಲ ಕರೆಯ ನಂತರ ಇಂಟರಪ್ಟ್ ತಡೆದು, ಪ್ರೊಸೆಸರ್ ತಾನೇ ಹೋಗಿ ನೋಡಲಿ ಎಂಬುದು ಅವರ ಪರಿಹಾರ. ಮುಂದೆ ಲಿನಕ್ಸ್ ಕೂಡ ಇದೇ ದಾರಿ ಹಿಡಿಯಿತು.

ಲಿನಕ್ಸ್‌ನ ‘ಟಾಪ್’ನಲ್ಲಿ ಕಾಣುವ ‘ಎಚ್‌ಐ’, ‘ಎಸ್‌ಐ’ ಅಂಕಿಗಳು ಇಂಟರಪ್ಟ್‌ಗಳಿಗೆ ಹೋದ ಸಮಯ. ಪಟ್ಟಿಯಲ್ಲಿ ಹೊಟ್ಟೆಬಾಕ ಪ್ರೋಗ್ರಾಂ ಸಿಗದಿದ್ದರೂ ಯಂತ್ರ ಬಸವಳಿದಿದ್ದರೆ, ಮೊದಲು ಕಣ್ಣು ಹೋಗಬೇಕಾದದ್ದು ಅಲ್ಲಿಗೆ.